ಜೈವಿಕ ವಯಸ್ಸಿನ ಅಂಕಿಯನ್ನು ಸಾಕ್ಷ್ಯವೆಂದು ಒಪ್ಪುವ ಮೊದಲು: ಔಷಧ ನಿಯಂತ್ರಣಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಔಷಧಗಳಿಗೂ ವೈದ್ಯಕೀಯ ಪರೀಕ್ಷೆಗಳಿಗೂ ಅನುಮತಿ ನೀಡುವ ನಿಯಂತ್ರಣ ಸಂಸ್ಥೆಗಳ ಮುಖ್ಯಸ್ಥರಿಗೆ,

ಮಾನ್ಯರೇ,

ಮುಪ್ಪಿನ ವೇಗವನ್ನು ತಗ್ಗಿಸುತ್ತೇವೆಂದು ಹೇಳಿಕೊಳ್ಳುವ ಔಷಧಗಳ ಅರ್ಜಿಗಳು ಇಂದಲ್ಲ ನಾಳೆ ತಮ್ಮ ಮುಂದೆ ಬರಲಿವೆ. ಔಷಧ ತೆಗೆದುಕೊಂಡವರಲ್ಲಿ ಹೃದಯಾಘಾತ ಎಷ್ಟು ಕಡಿಮೆಯಾಯಿತು, ಮರೆವಿನ ಕಾಯಿಲೆ ಎಷ್ಟು ತಡವಾಗಿ ಬಂತು, ಇನ್ನೊಬ್ಬರ ಆಸರೆಯಿಲ್ಲದೆ ಓಡಾಡುವವರು ಎಷ್ಟು ಮಂದಿ ಉಳಿದರು ಎಂಬ ಲೆಕ್ಕಗಳನ್ನೆಲ್ಲ ಹಿಂದೆ ಸರಿಸಿ, ಆ ಅರ್ಜಿಗಳಲ್ಲಿ ಒಂದೇ ಒಂದು ಅಂಕಿ ಮುಂದೆ ನಿಲ್ಲುವ ಸಂಭವ ಹೆಚ್ಚು. ರಕ್ತದ ಡಿಎನ್‌ಎಯನ್ನು ಓದಿ ಲೆಕ್ಕ ಹಾಕಿದ ‘ಜೈವಿಕ ವಯಸ್ಸು’ ಇಷ್ಟು ವರ್ಷ ಇಳಿಯಿತು ಎಂಬುದೇ ಆ ಅಂಕಿ. ಅದನ್ನು ಸಂಶೋಧನೆಯ ಸಾಧನವಾಗಿ ಗೌರವಿಸಿ, ಆದರೆ ಔಷಧಕ್ಕೆ ಅನುಮತಿ ಕೊಡಲು ಸಾಕಾಗುವ ಪುರಾವೆಯೆಂದು ಈಗಲೇ ಒಪ್ಪಬೇಡಿ ಎಂದು ಕೇಳಿಕೊಳ್ಳುವುದಕ್ಕಾಗಿ ಈ ಪತ್ರ. ಇಂಥ ದತ್ತಾಂಶವನ್ನು ವಿಶ್ಲೇಷಿಸುವುದು ನನ್ನ ವೃತ್ತಿ. ಈ ವಯಸ್ಸನ್ನು ಲೆಕ್ಕ ಹಾಕುವ ‘ಎಪಿಜೆನೆಟಿಕ್ ಗಡಿಯಾರ’ಗಳೆಂಬ ಸೂತ್ರಗಳ ಬಗ್ಗೆ ನನಗೆ ದೊಡ್ಡ ಮೆಚ್ಚುಗೆಯಿದೆ. ಅವು ಅವಸರದ ಬಳಕೆಯಿಂದ ಹೆಸರು ಕೆಡಿಸಿಕೊಳ್ಳಬಾರದೆಂಬ ಕಾಳಜಿಯೂ ಇದರ ಹಿಂದಿದೆ.

ಈ ಗಡಿಯಾರಗಳು ಅಳೆಯುವುದು ಏನನ್ನು ಎಂಬುದನ್ನು ಮೊದಲು ಬಿಡಿಸಿ ಹೇಳಬೇಕಾಗುತ್ತದೆ. ನಮ್ಮ ಜೀವಕೋಶಗಳಲ್ಲಿರುವ ಡಿಎನ್‌ಎ ಹೆಚ್ಚುಕಡಿಮೆ ಒಂದೇ. ಆದರೂ ಯಕೃತ್ತಿನ ಕೋಶ ಯಕೃತ್ತಿನದಾಗಿಯೂ ನರಕೋಶ ನರಕೋಶವಾಗಿಯೂ ಉಳಿಯುತ್ತವೆ. ಯಾವ ವಂಶವಾಹಿಯನ್ನು ಓದಬೇಕು, ಯಾವುದನ್ನು ಮುಚ್ಚಿಡಬೇಕು ಎಂಬುದನ್ನು ತಿಳಿಸುವ ರಾಸಾಯನಿಕ ಗುರುತುಗಳು ಆ ಡಿಎನ್‌ಎಯ ಮೇಲೂ ಅದು ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳ ಮೇಲೂ ಇರುವುದೇ ಅದಕ್ಕೆ ಕಾರಣ. ಅಂಥ ಗುರುತುಗಳಲ್ಲಿ ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾದದ್ದು ಮೀಥೈಲ್ ಗುಂಪು; ಒಂದು ಇಂಗಾಲ, ಮೂರು ಜಲಜನಕ ಪರಮಾಣುಗಳು, ಅಷ್ಟೇ. ಸೈಟೋಸಿನ್ ಎಂಬ ಅಕ್ಷರದ ಮುಂದೆ ಗ್ವಾನಿನ್ ಬರುವ ಕಡೆಗಳಲ್ಲಿ ಅದು ಸೈಟೋಸಿನ್‌ಗೆ ಅಂಟಿಕೊಳ್ಳುತ್ತದೆ. ಮನುಷ್ಯನ ಜೀನೋಮಿನಲ್ಲಿ ಇಂಥ ತಾಣಗಳು ಸುಮಾರು 2.8 ಕೋಟಿ. ಡಿಎನ್‌ಎಂಟಿ3ಎ ಎಂಬ ಕಿಣ್ವ ಹೊಸ ಗುರುತು ಹಾಕುತ್ತದೆ, ಕೋಶ ವಿಭಜನೆಯಾದಾಗ ಹಳೆಯ ಎಳೆಯಲ್ಲಿದ್ದ ಗುರುತನ್ನು ಡಿಎನ್‌ಎಂಟಿ1 ಹೊಸ ಎಳೆಗೆ ನಕಲು ಮಾಡುತ್ತದೆ, ಅಳಿಸುವ ಕೆಲಸಕ್ಕೆ ಟೆಟ್ ಕುಟುಂಬದ ಕಿಣ್ವಗಳು ಕೈ ಹಾಕುತ್ತವೆ. ಈ ನಕಲು ನೂರಕ್ಕೆ ನೂರು ನಿಖರವಾಗಿರುವುದಿಲ್ಲ. ವರ್ಷಗಳು ಉರುಳಿದಂತೆ ಗುರುತು ಇರಬೇಕಾದ ಕಡೆ ಕಳೆದುಹೋಗುತ್ತದೆ, ಇರಬಾರದ ಕಡೆ ಬಂದು ಸೇರುತ್ತದೆ. 2005ರಲ್ಲಿ ಸ್ಪೇನಿನ ಸಂಶೋಧಕರು ತದ್ರೂಪಿ ಅವಳಿಗಳನ್ನು ಹೋಲಿಸಿದಾಗ ಮೂರು ವರ್ಷದ ಅವಳಿ ಮಕ್ಕಳ ಗುರುತುಗಳು ಬಹುಮಟ್ಟಿಗೆ ಒಂದೇ ಆಗಿದ್ದವು, ಐವತ್ತರ ವಯಸ್ಸಿನ ಅವಳಿಗಳವು ಎದ್ದು ಕಾಣುವಷ್ಟು ಬೇರೆಯಾಗಿದ್ದವು.

ಈ ಬದಲಾವಣೆಗಳಲ್ಲಿ ಬಹಳಷ್ಟು ಗೊತ್ತುಗುರಿಯಿಲ್ಲದವು. ಕೆಲವು ತಾಣಗಳು ಮಾತ್ರ ಅಚ್ಚರಿಯಾಗುವಷ್ಟು ಕ್ರಮಬದ್ಧವಾಗಿ ಬದಲಾಗುತ್ತವೆ. ಉದ್ದ ಸರಪಳಿಯ ಕೊಬ್ಬಿನಾಮ್ಲಗಳ ತಯಾರಿಕೆಗೆ ಬೇಕಾದ ಇಎಲ್‌ಒವಿಎಲ್2 ಎಂಬ ವಂಶವಾಹಿಯ ಒಂದು ಭಾಗವನ್ನು 2012ರಲ್ಲಿ ನವಜಾತ ಶಿಶುಗಳಿಂದ ಹಿಡಿದು ವಯೋವೃದ್ಧರವರೆಗಿನವರ ರಕ್ತದಲ್ಲಿ ಅಳೆದು ನೋಡಿದಾಗ, ಅಲ್ಲಿನ ಮೀಥೈಲ್ ಪ್ರಮಾಣ ಶೇ. 7ರಿಂದ ಶೇ. 91ರವರೆಗೆ ಏರಿದ್ದು ಕಂಡಿತು. ಅಪರಾಧ ನಡೆದ ಸ್ಥಳದಲ್ಲಿ ಸಿಕ್ಕ ರಕ್ತ ಯಾವ ವಯಸ್ಸಿನವರದ್ದೆಂದು ಅಂದಾಜಿಸಲು ವಿಧಿವಿಜ್ಞಾನದವರು ಇದೇ ತಾಣವನ್ನು ಬಳಸುತ್ತಾರೆ.

ಅಳೆಯುವ ವಿಧಾನದಲ್ಲಿಯೇ ಒಂದು ಮುಖ್ಯ ಸಂಗತಿ ಅಡಗಿದೆ. ರಕ್ತದಿಂದ ಬೇರ್ಪಡಿಸಿದ ಡಿಎನ್‌ಎಗೆ ಬೈಸಲ್ಫೈಟ್ ಸೇರಿಸಿದರೆ ಮೀಥೈಲ್ ಇಲ್ಲದ ಸೈಟೋಸಿನ್ ಯುರಾಸಿಲ್ ಆಗಿ ಮಾರ್ಪಡುತ್ತದೆ, ಮೀಥೈಲ್ ಹೊತ್ತಿರುವುದು ಹಾಗೆಯೇ ಉಳಿಯುತ್ತದೆ. ಈ ವ್ಯತ್ಯಾಸವನ್ನು ಚಿಪ್ ಒಂದರ ಮೇಲಿನ ಲಕ್ಷಾಂತರ ಶೋಧಕಗಳು ಹಿಡಿಯುತ್ತವೆ, ಮತ್ತು ಪ್ರತಿಯೊಂದು ತಾಣಕ್ಕೂ ಸೊನ್ನೆ ಮತ್ತು ಒಂದರ ನಡುವಿನ ಒಂದು ಬೆಲೆ ದೊರೆಯುತ್ತದೆ. ಯಾವುದೋ ತಾಣದ ಬೆಲೆ 0.62 ಎಂದು ಬಂತೆನ್ನಿ. ಡಿಎನ್‌ಎಯ ಒಂದು ಎಳೆಯ ಮೇಲೆ ಗುರುತು ಇರುತ್ತದೆ ಇಲ್ಲವೇ ಇರುವುದಿಲ್ಲ, ಮುಕ್ಕಾಲು ಗುರುತು ಎಂಬುದಿಲ್ಲ. ಹೀಗಾಗಿ 0.62 ಎಂದರೆ ಆ ಹನಿಯಲ್ಲಿದ್ದ ಲಕ್ಷಾಂತರ ಕೋಶಗಳ ಎಳೆಗಳಲ್ಲಿ ಶೇ. 62ರಷ್ಟು ಗುರುತು ಹೊತ್ತಿದ್ದವು ಎಂದರ್ಥ. ಅದು ಒಂದು ಗುಂಪಿನ ಸರಾಸರಿ. ಗುಂಪಿನಲ್ಲಿ ಯಾವ ಬಗೆಯ ಕೋಶಗಳು ಎಷ್ಟಿದ್ದವು ಎಂಬುದು ಬದಲಾದರೆ, ಒಂದೇ ಒಂದು ಕೋಶವೂ ಬದಲಾಗದೆ ಈ ಬೆಲೆ ಬದಲಾಗಬಹುದು. ಈ ಮಾತಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಇಂಥ ನೂರಾರು ಬೆಲೆಗಳನ್ನು ತೂಕ ಹಾಕಿ ಕೂಡಿಸಿ ವಯಸ್ಸು ಹೇಳುವ ಸೂತ್ರವೇ ಎಪಿಜೆನೆಟಿಕ್ ಗಡಿಯಾರ. 2013ರಲ್ಲಿ ಸ್ಟೀವ್ ಹೋರ್ವಾತ್ ಅವರು ಸುಮಾರು 8,000 ಮಾದರಿಗಳಿಂದ, 51 ಬಗೆಯ ಅಂಗಾಂಶ ಮತ್ತು ಕೋಶಗಳಿಂದ ದತ್ತಾಂಶ ಒಟ್ಟುಗೂಡಿಸಿ, ಕೇವಲ 353 ತಾಣಗಳ ಆಧಾರದ ಮೇಲೆ ವಯಸ್ಸು ಹೇಳುವ ಗಡಿಯಾರವನ್ನು ಪ್ರಕಟಿಸಿದರು. ಅದರ ತಪ್ಪಿನ ಮಧ್ಯಾಂಕ 3.6 ವರ್ಷ. ಅದೇ ವರ್ಷ ಹ್ಯಾನಮ್ ಮತ್ತು ಸಂಗಡಿಗರು 71 ತಾಣಗಳ ರಕ್ತದ ಗಡಿಯಾರವನ್ನು ಕೊಟ್ಟರು. ಹುಟ್ಟಿದ ದಿನಾಂಕವನ್ನು ಊಹಿಸುವುದರಿಂದ ವೈದ್ಯರಿಗೆ ಪ್ರಯೋಜನವಿಲ್ಲ, ಅದನ್ನು ರೋಗಿಯನ್ನೇ ಕೇಳಬಹುದು. ಆದ್ದರಿಂದ ಮುಂದಿನ ತಲೆಮಾರಿನ ಗಡಿಯಾರಗಳನ್ನು ಕಾಯಿಲೆ ಮತ್ತು ಸಾವಿನ ಸಂಭವಕ್ಕೆ ಹೊಂದಿಸಲಾಯಿತು. 2018ರ ಫೀನೋಏಜ್ ರಕ್ತಪರೀಕ್ಷೆಯ ಒಂಬತ್ತು ಅಂಶಗಳನ್ನೂ ವಯಸ್ಸನ್ನೂ ಆಧರಿಸಿತು. 2019ರ ಗ್ರಿಮ್‌ಏಜ್ ಏಳು ಪ್ಲಾಸ್ಮಾ ಪ್ರೋಟೀನುಗಳ ಮಟ್ಟವನ್ನೂ ಧೂಮಪಾನದ ಇತಿಹಾಸವನ್ನೂ ಮೀಥೈಲ್ ಗುರುತುಗಳಿಂದಲೇ ಅಂದಾಜಿಸಿ ಸಾವಿನ ಸಂಭವವನ್ನು ಹೇಳುತ್ತದೆ. 2022ರ ಡ್ಯುನಿಡಿನ್‌ಪೇಸ್ ವಯಸ್ಸನ್ನಲ್ಲದೆ ವಯಸ್ಸಾಗುವ ವೇಗವನ್ನು ಅಳೆಯಲು ಹೊರಟಿತು. ನ್ಯೂಜಿಲೆಂಡಿನ ಡ್ಯುನಿಡಿನ್ ನಗರದಲ್ಲಿ 1972-73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಂದಿಯನ್ನು 26, 32, 38 ಮತ್ತು 45ನೆಯ ವಯಸ್ಸಿನಲ್ಲಿ ಪರೀಕ್ಷಿಸಿ, ಮೂತ್ರಪಿಂಡ, ಶ್ವಾಸಕೋಶ, ಒಸಡು ಮುಂತಾದ 19 ಅಳತೆಗಳಲ್ಲಿ ಯಾರು ಎಷ್ಟು ಬೇಗ ಇಳಿಮುಖವಾದರೆಂದು ನೋಡಿ ಕಟ್ಟಿದ ಸೂತ್ರ ಅದು. ಒಂದೇ ಊರಿನ ಜನರ ಹಲ್ಲು, ಮೂತ್ರ, ಉಸಿರನ್ನು ಇಷ್ಟು ವರ್ಷ ತಾಳ್ಮೆಯಿಂದ ಅಳೆದವರ ಮುಂದೆ ನಮ್ಮಂಥ ದತ್ತಾಂಶ ವಿಶ್ಲೇಷಕರ ಶ್ರಮ ಏನೇನೂ ಅಲ್ಲ.

ಸಾಧನೆ ಇಲ್ಲಿಗೇ ನಿಲ್ಲುವುದಿಲ್ಲ. 2023ರಲ್ಲಿ 185 ಸಸ್ತನಿ ಪ್ರಭೇದಗಳಿಗೆ ಅನ್ವಯವಾಗುವ ಒಂದೇ ಗಡಿಯಾರ ಪ್ರಕಟವಾಯಿತು. ಬಾವಲಿಯಲ್ಲಿಯೂ ತಿಮಿಂಗಿಲದಲ್ಲಿಯೂ ಮನುಷ್ಯನಲ್ಲಿಯೂ ವಯಸ್ಸಿನೊಂದಿಗೆ ಬದಲಾಗುವ ತಾಣಗಳಲ್ಲಿ ಇಷ್ಟು ಸಾಮ್ಯವಿರುವುದನ್ನು ನೋಡಿದರೆ, ಇವು ಜೀವಶಾಸ್ತ್ರದ ಯಾವುದೋ ಆಳದ ಕ್ರಿಯೆಯನ್ನು ಮುಟ್ಟಿವೆ ಎನ್ನುವುದರಲ್ಲಿ ಸಂಶಯ ಉಳಿಯುವುದಿಲ್ಲ. ಬೆಳವಣಿಗೆಯ ಹಂತದಲ್ಲಿ ಪಾಲಿಕೋಂಬ್ ಪ್ರೋಟೀನುಗಳು ಮುಚ್ಚಿಡುವ ವಂಶವಾಹಿಗಳ ಬಳಿಯಲ್ಲೇ ವಯಸ್ಸಾದಂತೆ ಮೀಥೈಲ್ ಹೆಚ್ಚು ಸೇರುತ್ತದೆ ಎಂಬುದು ಅನೇಕ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ.

ಇಷ್ಟೆಲ್ಲ ಇದ್ದಮೇಲೆ ಆಕ್ಷೇಪಣೆ ಯಾಕೆ ಎಂದು ತಾವು ಕೇಳಬಹುದು. ಒಂದು ದೊಡ್ಡ ಗುಂಪಿನಲ್ಲಿ ಯಾರಿಗೆ ಅಪಾಯ ಹೆಚ್ಚು ಎಂದು ಹೇಳುವ ಸಾಮರ್ಥ್ಯ ಬೇರೆ. ಒಬ್ಬ ವ್ಯಕ್ತಿಗೆ ಔಷಧ ಕೊಟ್ಟಾಗ ಅಂಕಿಯಲ್ಲಾದ ಬದಲಾವಣೆ ಅವನ ಅಪಾಯದಲ್ಲಾದ ಬದಲಾವಣೆಯನ್ನು ಹೇಳುತ್ತದೆಯೇ ಎಂಬುದು ಬೇರೆ. ಮೊದಲನೆಯದು ಸಾಬೀತಾಗಿದೆ, ಎರಡನೆಯದು ಆಗಿಲ್ಲ.

ಅಳತೆಯ ಗೊಂದಲವನ್ನೇ ಮೊದಲು ನೋಡೋಣ. 2022ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಒಂದೇ ರಕ್ತದ ಮಾದರಿಯನ್ನು ಎರಡು ಸಲ ಅಳೆದಾಗ ಪ್ರಸಿದ್ಧ ಗಡಿಯಾರಗಳ ಉತ್ತರಗಳು ಒಂಬತ್ತು ವರ್ಷಗಳವರೆಗೂ ಬೇರೆಯಾಗಬಹುದೆಂದು ತೋರಿತು. ಈ ದೋಷವನ್ನು ಬಹಳಷ್ಟು ತಗ್ಗಿಸುವ ಗಣಿತದ ಉಪಾಯವನ್ನು ಅದೇ ಲೇಖಕರು ಕೊಟ್ಟಿದ್ದಾರೆ. ಆದರೆ ಅದನ್ನು ಬಳಸಲೇಬೇಕೆಂದು ಯಾರೂ ಯಾರನ್ನೂ ಕಟ್ಟುಪಾಡಿಗೆ ಒಳಪಡಿಸಿಲ್ಲ. ಅಳತೆ ನಿಖರವಾದರೂ ಅಳೆಯುವ ವಸ್ತುವೇ ಅಲುಗಾಡುತ್ತಿರುತ್ತದೆ. ತುರ್ತು ಶಸ್ತ್ರಚಿಕಿತ್ಸೆ, ಗರ್ಭಾವಸ್ಥೆ, ತೀವ್ರ ಕೋವಿಡ್ ಇವುಗಳಲ್ಲಿ ಎಪಿಜೆನೆಟಿಕ್ ವಯಸ್ಸು ಏರಿ, ಚೇತರಿಸಿಕೊಂಡ ಮೇಲೆ ಇಳಿಯುತ್ತದೆಂದು 2023ರಲ್ಲಿ ವರದಿಯಾಯಿತು. ದಿನದ ಯಾವ ಹೊತ್ತಿನಲ್ಲಿ ರಕ್ತ ತೆಗೆದರು ಎಂಬುದರಿಂದಲೂ ಅಂಕಿ ಬದಲಾಗುತ್ತದೆಂದು 2024ರಲ್ಲಿ ತೋರಿಸಲಾಯಿತು. ಒಬ್ಬರಿಗೆ ಸಂಜೆ ರಕ್ತ ತೆಗೆದು ಔಷಧ ಶುರುಮಾಡಿ, ಆರು ತಿಂಗಳ ನಂತರ ಬೆಳಿಗ್ಗೆ ರಕ್ತ ತೆಗೆದು ‘ವಯಸ್ಸು ಇಳಿಯಿತು’ ಎಂದರೆ ಅದರಲ್ಲಿ ಔಷಧದ ಪಾಲೆಷ್ಟು, ಹೊತ್ತಿನ ಪಾಲೆಷ್ಟು ಎಂದು ಬೇರ್ಪಡಿಸುವವರು ಯಾರು?

ಕೋಶಗಳ ಬೆರಕೆಯ ಪ್ರಶ್ನೆ ಇದಕ್ಕಿಂತ ಆಳವಾದದ್ದು. ರಕ್ತದಲ್ಲಿರುವ ಸಿಡಿ8 ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳಲ್ಲಿ ಇನ್ನೂ ಯಾವ ಸೋಂಕನ್ನೂ ಕಾಣದವುಗಳ ಎಪಿಜೆನೆಟಿಕ್ ವಯಸ್ಸು, ಅದೇ ವ್ಯಕ್ತಿಯ ಸೋಂಕು ಕಂಡು ನೆನಪಿಟ್ಟುಕೊಂಡ ಕೋಶಗಳಿಗಿಂತ 15ರಿಂದ 20 ವರ್ಷ ಕಡಿಮೆ. ವಯಸ್ಸಾದಂತೆ ಮೊದಲ ಬಗೆಯವು ಕಡಿಮೆಯಾಗಿ ಎರಡನೆಯ ಬಗೆಯವು ಹೆಚ್ಚುವುದು ರೋಗನಿರೋಧಕ ವ್ಯವಸ್ಥೆಯ ಸಹಜ ಇತಿಹಾಸ. ಔಷಧವೊಂದು ಮೊದಲ ಬಗೆಯ ಕೋಶಗಳನ್ನು ರಕ್ತಕ್ಕೆ ಸ್ವಲ್ಪ ಹೆಚ್ಚಾಗಿ ತಳ್ಳಿದರೂ ಸಾಕು, ಗಡಿಯಾರದಲ್ಲಿ ಯೌವನ ಕಾಣುತ್ತದೆ. ಅದು ಒಳ್ಳೆಯ ಪರಿಣಾಮವೇ ಇರಬಹುದು. ಆದರೆ ಆ ವ್ಯಕ್ತಿಯ ಮೆದುಳು, ರಕ್ತನಾಳ, ಮೂತ್ರಪಿಂಡಗಳ ಬಗ್ಗೆ ಅದರಿಂದ ಏನೂ ತಿಳಿಯದು. ಈ ಹಿನ್ನೆಲೆಯಲ್ಲಿ 2019ರಲ್ಲಿ ಬಹಳ ಸದ್ದು ಮಾಡಿದ ಒಂದು ಪ್ರಯೋಗವನ್ನು ನೆನೆಯಬೇಕು. ಥೈಮಸ್ ಗ್ರಂಥಿಯನ್ನು ಮತ್ತೆ ಬೆಳೆಸುವ ಉದ್ದೇಶದಿಂದ ಒಂಬತ್ತು ಗಂಡಸರಿಗೆ ಒಂದು ವರ್ಷ ಬೆಳವಣಿಗೆಯ ಹಾರ್ಮೋನು, ಡಿಎಚ್‌ಇಎ ಎಂಬ ಇನ್ನೊಂದು ಹಾರ್ಮೋನು ಮತ್ತು ಮಧುಮೇಹದ ಔಷಧ ಮೆಟ್‌ಫಾರ್ಮಿನ್ ಕೊಟ್ಟಾಗ ಅವರ ಎಪಿಜೆನೆಟಿಕ್ ವಯಸ್ಸು ಇಳಿಯಿತು. ಥೈಮಸ್ ಎಂಬುದು ಟಿ ಕೋಶಗಳು ಪಕ್ವವಾಗುವ ಜಾಗ. ಹೋಲಿಕೆಗೆ ಔಷಧವಿಲ್ಲದ ಗುಂಪು ಆ ಪ್ರಯೋಗದಲ್ಲಿ ಇರಲೇ ಇಲ್ಲ. ಲೇಖಕರು ಅದನ್ನು ಆರಂಭಿಕ ಪ್ರಯೋಗವೆಂದೇ ಕರೆದಿದ್ದರು. ‘ಮುಪ್ಪು ಹಿಮ್ಮೆಟ್ಟಿತು’ ಎಂಬ ಶೀರ್ಷಿಕೆಗಳ ಅಬ್ಬರದಲ್ಲಿ ಆ ಎಚ್ಚರಿಕೆ ಯಾರ ಕಿವಿಗೂ ಬೀಳಲಿಲ್ಲ.

ಒಂದೇ ಚಿಕಿತ್ಸೆಗೆ ಬೇರೆ ಬೇರೆ ಗಡಿಯಾರಗಳು ಬೇರೆ ಬೇರೆ ಉತ್ತರ ಕೊಡುವುದೂ ಉಂಟು. ಕ್ಯಾಲರಿ ಎಂಬ ಹೆಸರಿನ ಪ್ರಯೋಗದಲ್ಲಿ ಸ್ಥೂಲಕಾಯವಿಲ್ಲದ 220 ವಯಸ್ಕರನ್ನು ಯಾದೃಚ್ಛಿಕವಾಗಿ ವಿಂಗಡಿಸಿ, ಒಂದು ಗುಂಪಿಗೆ ಎರಡು ವರ್ಷ ಆಹಾರದ ಕ್ಯಾಲರಿಯನ್ನು ಶೇ. 25ರಷ್ಟು ಇಳಿಸುವ ಗುರಿ ಕೊಡಲಾಯಿತು; ಅವರಿಗೆ ಸಾಧ್ಯವಾದದ್ದು ಸುಮಾರು ಶೇ. 12. ಅವರ ರಕ್ತವನ್ನು ಗಡಿಯಾರಗಳಿಂದ ಅಳೆದ ಫಲಿತಾಂಶ 2023ರಲ್ಲಿ ಬಂತು. ಡ್ಯುನಿಡಿನ್‌ಪೇಸ್ ಪ್ರಕಾರ ವಯಸ್ಸಾಗುವ ವೇಗ ಶೇ. 2ರಿಂದ 3ರಷ್ಟು ತಗ್ಗಿತ್ತು. ಫೀನೋಏಜ್ ಮತ್ತು ಗ್ರಿಮ್‌ಏಜ್‌ಗಳಲ್ಲಿ ಗಮನಾರ್ಹ ಬದಲಾವಣೆಯೇ ಇರಲಿಲ್ಲ. ಈ ಸಂಶೋಧಕರು ಎಲ್ಲ ಉತ್ತರಗಳನ್ನೂ ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ಲಾಭದ ಮೇಲೆ ಕಣ್ಣಿಟ್ಟವರೂ ಹಾಗೆಯೇ ಮಾಡುತ್ತಾರೆಂದು ನಂಬುವಷ್ಟು ಮುಗ್ಧತೆ ತಮಗೂ ಇರಲಾರದು, ನನಗೂ ಇಲ್ಲ. ಹತ್ತು ಗಡಿಯಾರಗಳಲ್ಲಿ ಅಳೆದು, ಅನುಕೂಲವಾದ ಒಂದನ್ನು ಮಾತ್ರ ಅರ್ಜಿಗೆ ಲಗತ್ತಿಸುವ ಆಸೆ ಯಾರಿಗಾದರೂ ಹುಟ್ಟಬಹುದು.

ಎಲ್ಲಕ್ಕಿಂತ ತೊಡಕಿನದು ಕಾರಣ ಮತ್ತು ಗುರುತಿನ ಪ್ರಶ್ನೆ. ಗಡಿಯಾರಕ್ಕೆ ತಾಣಗಳನ್ನು ಆರಿಸುವಾಗ ಅವು ಮುಪ್ಪಿಗೆ ಕಾರಣವೇ ಎಂದು ಯಾರೂ ನೋಡುವುದಿಲ್ಲ, ವಯಸ್ಸಿನೊಂದಿಗೆ ಹೊಂದಿಕೊಂಡು ಬದಲಾದರೆ ಸಾಕು. 2024ರಲ್ಲಿ ಬಂದ ಎರಡು ಸ್ವತಂತ್ರ ಅಧ್ಯಯನಗಳು, ನಕಲಿನಲ್ಲಿ ಆಗುವ ಗೊತ್ತುಗುರಿಯಿಲ್ಲದ ತಪ್ಪುಗಳು ಕಾಲದೊಂದಿಗೆ ಗುಡ್ಡೆಯಾಗುವುದೊಂದರಿಂದಲೇ ತಕ್ಕಮಟ್ಟಿಗೆ ನಿಖರವಾದ ಗಡಿಯಾರ ಕಟ್ಟಬಹುದೆಂದು ತೋರಿಸಿದವು. ಅದೇ ವರ್ಷ ಇನ್ನೊಂದು ತಂಡ, ವಯಸ್ಸಿನೊಂದಿಗೆ ಆಗುವ ಬದಲಾವಣೆಗಳಲ್ಲಿ ಹಾನಿ ತರುವವೂ ಇವೆ, ಹಾನಿಯನ್ನು ಎದುರಿಸಲು ದೇಹವೇ ಮಾಡಿಕೊಳ್ಳುವ ಹೊಂದಾಣಿಕೆಗಳೂ ಇವೆ ಎಂದು ಬೇರ್ಪಡಿಸಲು ಯತ್ನಿಸಿತು. ಈ ಎರಡನೆಯ ಬಗೆಯ ಬದಲಾವಣೆಯನ್ನು ಔಷಧದಿಂದ ಅಳಿಸಿದರೆ ಅಂಕಿ ಇಳಿಯುತ್ತದೆ, ದೇಹದ ರಕ್ಷಣೆಯೂ ಇಳಿಯುತ್ತದೆ. ನರೆತ ಕೂದಲು ವಯಸ್ಸನ್ನು ಚೆನ್ನಾಗಿಯೇ ಹೇಳುತ್ತದೆ, ಆದರೆ ಬಣ್ಣ ಹಚ್ಚಿಕೊಂಡವರ ಆಯುಸ್ಸು ಅದರಿಂದ ಹೆಚ್ಚುವುದಿಲ್ಲ.

ಎಪಿಜೆನೆಟಿಕ್ ಬದಲಾವಣೆಗೂ ಕಾಯಿಲೆಗೂ ನಿಜವಾದ ಕೊಂಡಿ ಎಲ್ಲಿದೆ ಎಂದು ನೋಡಬೇಕಾದರೆ ರಕ್ತವನ್ನೇ ಇನ್ನಷ್ಟು ಹತ್ತಿರದಿಂದ ನೋಡಬೇಕು. ಎಲುಬಿನ ಮಜ್ಜೆಯಲ್ಲಿರುವ ಕಾಂಡಕೋಶಗಳಲ್ಲಿ ಯಾವುದೋ ಒಂದರ ವಂಶವಾಹಿಯಲ್ಲಿ ಮ್ಯುಟೇಶನ್ (ಅಕ್ಷರಗಳ ಬದಲಾವಣೆ) ಆಗಿ, ಅದರ ಸಂತತಿ ಉಳಿದವನ್ನು ಹಿಂದಿಕ್ಕಿ ರಕ್ತವನ್ನು ತುಂಬಿಕೊಳ್ಳುವುದುಂಟು. 2014ರ ಅಧ್ಯಯನಗಳ ಪ್ರಕಾರ ಎಪ್ಪತ್ತು ದಾಟಿದವರಲ್ಲಿ ಹತ್ತಕ್ಕೊಬ್ಬರಿಗಾದರೂ ಇದು ಇರುತ್ತದೆ. ಈ ಮ್ಯುಟೇಶನ್ ಅತಿ ಹೆಚ್ಚಾಗಿ ಕಾಣಿಸುವುದು ಡಿಎನ್‌ಎಂಟಿ3ಎ ಮತ್ತು ಟೆಟ್2 ವಂಶವಾಹಿಗಳಲ್ಲಿ. ಅಂದರೆ ಮೀಥೈಲ್ ಗುರುತು ಹಾಕುವ ಕಿಣ್ವದಲ್ಲಿ ಮತ್ತು ಅದನ್ನು ಅಳಿಸುವ ಕಿಣ್ವದಲ್ಲಿ. ರಾಸಾಯನಿಕವಾಗಿ ಒಂದಕ್ಕೊಂದು ವಿರುದ್ಧ ಕೆಲಸ ಮಾಡುವ ಇವೆರಡರಲ್ಲಿ ಯಾವುದು ಕೆಟ್ಟರೂ ಕಾಂಡಕೋಶ ಪಕ್ವವಾಗುವ ದಾರಿ ತಪ್ಪಿ ತನ್ನನ್ನೇ ಹೆಚ್ಚಿಸಿಕೊಳ್ಳುತ್ತದೆ. ಇಂಥವರಿಗೆ ರಕ್ತದ ಕ್ಯಾನ್ಸರಿನ ಅಪಾಯ ಹೆಚ್ಚು ಎಂಬುದು ನಿರೀಕ್ಷಿತವೇ. 2017ರಲ್ಲಿ ತಿಳಿದದ್ದು ಯಾರೂ ನಿರೀಕ್ಷಿಸದ ಸಂಗತಿ: ಅವರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆಯ ಅಪಾಯ ಸುಮಾರು ಎರಡು ಪಟ್ಟು. ಟೆಟ್2 ಇಲ್ಲದ ಮಜ್ಜೆಯನ್ನು ಇಲಿಗಳಿಗೆ ಹಾಕಿದಾಗ ಅವುಗಳ ರಕ್ತನಾಳಗಳಲ್ಲಿ ಕೊಬ್ಬಿನ ಗಂಟು ಬೇಗ ಬೆಳೆಯಿತು, ಏಕೆಂದರೆ ಆ ಮಜ್ಜೆಯಿಂದ ಬಂದ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳು ಉರಿಯೂತದ ಸಂಕೇತಗಳನ್ನು ಮಿತಿಮೀರಿ ಸುರಿಯುತ್ತಿದ್ದವು. ಇಲ್ಲಿ ಕಾರಣದ ಸರಪಳಿ ಕಣ್ಣಿಗೆ ಕಾಣುವಂತಿದೆ; ಯಾವ ಕೊಂಡಿಗೆ ಔಷಧ ಬೇಕೆಂದು ಯೋಚಿಸಲು ಸಾಧ್ಯವಿದೆ. ಅದೇ ವರ್ಷ ಸುಮಾರು ಹತ್ತು ಸಾವಿರ ಹೃದ್ರೋಗಿಗಳ ಮೇಲೆ ನಡೆದ ಕ್ಯಾಂಟೋಸ್ ಪ್ರಯೋಗ, ಕೊಲೆಸ್ಟರಾಲನ್ನು ಮುಟ್ಟದೆ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಸಂಕೇತವನ್ನು ತಡೆದರೆ ಸಾಕು, ಹೃದಯಾಘಾತದಂಥ ಘಟನೆಗಳು ಕಡಿಮೆಯಾಗುತ್ತವೆಂದು ತೋರಿಸಿತ್ತು. ಇಂಥ ಕೋಶಸಂತತಿ ಇರುವವರ ಎಪಿಜೆನೆಟಿಕ್ ವಯಸ್ಸು ಸರಾಸರಿಯಲ್ಲಿ ಹೆಚ್ಚೇ ಇರುತ್ತದೆ. ಆದರೆ ಗಡಿಯಾರದ ಒಂದೇ ಅಂಕಿಯನ್ನು ನೋಡಿ, ಏರಿಕೆಗೆ ಕಾರಣ ಈ ಸಂತತಿಯೋ, ಧೂಮಪಾನವೋ, ಕಳೆದ ವಾರದ ಜ್ವರವೋ ಎಂದು ಹೇಳಲು ಯಾವ ವೈದ್ಯರಿಗೂ ಆಗದು.

ಗಡಿಯಾರವನ್ನು ಪೂರ್ತಿ ಸೊನ್ನೆಗೆ ತರುವ ವಿಧಾನವೂ ನಮಗೆ ಗೊತ್ತಿದೆ. 2006ರಲ್ಲಿ ಶಿನ್ಯಾ ಯಮನಾಕಾ ಮತ್ತು ಕಜುತೋಶಿ ತಕಹಾಶಿ ಅವರು ನಾಲ್ಕು ಪ್ರೋಟೀನುಗಳಿಂದ ಇಲಿಯ ಚರ್ಮದ ಕೋಶವನ್ನು ಭ್ರೂಣದ ಕಾಂಡಕೋಶದಂಥ ಸ್ಥಿತಿಗೆ ಮರಳಿಸಿದರು. ಹಾಗೆ ಮರಳಿದ ಕೋಶಗಳ ಎಪಿಜೆನೆಟಿಕ್ ವಯಸ್ಸು ಸೊನ್ನೆಯ ಹತ್ತಿರ. ಅದೇ ಪ್ರೋಟೀನುಗಳನ್ನು ಜೀವಂತ ಇಲಿಯ ದೇಹದೊಳಗೆ ಬಿಡುವಿಲ್ಲದೆ ಚಾಲೂ ಮಾಡಿದಾಗ 2013ರಲ್ಲಿ ಕಂಡದ್ದು ಟೆರಟೋಮಾ ಎಂಬ ಗೆಡ್ಡೆಗಳನ್ನು. 2016ರಲ್ಲಿ ಅವುಗಳನ್ನು ಸ್ವಲ್ಪ ಹೊತ್ತು ಮಾತ್ರ, ಬಿಟ್ಟು ಬಿಟ್ಟು ಚಾಲೂ ಮಾಡಿ ಅಕಾಲ ಮುಪ್ಪಿನ ಇಲಿಗಳ ಆಯುಸ್ಸನ್ನು ಹೆಚ್ಚಿಸಲಾಯಿತು. 2020ರಲ್ಲಿ ಮೂರು ಪ್ರೋಟೀನುಗಳಿಂದಲೇ ಇಲಿಗಳ ಕಣ್ಣಿನ ನರಕೋಶಗಳಿಗೆ ಚೈತನ್ಯ ಮರಳಿತು, ಮತ್ತು ಟೆಟ್ ಕಿಣ್ವಗಳಿಲ್ಲದಿದ್ದರೆ ಅದು ಸಾಧ್ಯವಾಗಲಿಲ್ಲ. ಮೀಥೈಲ್ ಗುರುತುಗಳಿಗೂ ಕೋಶದ ಯೌವನಕ್ಕೂ ಕಾರ್ಯಕಾರಣ ಸಂಬಂಧವಿರಬಹುದು ಎಂಬುದಕ್ಕೆ ನನ್ನ ಮಟ್ಟಿಗೆ ಇದಕ್ಕಿಂತ ಬಲವಾದ ಸೂಚನೆ ಇಲ್ಲ. ಆದರೆ ಗೆಡ್ಡೆಗಳ ಪ್ರಯೋಗವನ್ನು ತಾವು ಮರೆಯಬಾರದು. ಗಡಿಯಾರದ ಅಂಕಿಯೊಂದನ್ನೇ ನೋಡುವವರಿಗೆ ಅತ್ಯಂತ ಯಶಸ್ವಿಯಾಗಿ ಕಾಣುವ ಚಿಕಿತ್ಸೆಯೇ ರೋಗಿಯ ಪಾಲಿಗೆ ಅತ್ಯಂತ ಅಪಾಯಕಾರಿಯಾಗಬಹುದು.

ಅಳತೆಯನ್ನು ನಂಬಿ ಮೋಸಹೋದ ಇತಿಹಾಸ ತಮ್ಮ ಸಂಸ್ಥೆಗಳ ಕಡತಗಳಲ್ಲಿಯೇ ಇದೆ. ಹೃದಯಾಘಾತವಾದವರಲ್ಲಿ ಹೃದಯ ಬಡಿತದ ಲಯ ತಪ್ಪುವುದು ಸಾವಿನ ಮುನ್ಸೂಚನೆಯೆಂದು ಗೊತ್ತಿದ್ದರಿಂದ, ಆ ಲಯವನ್ನು ಸರಿಪಡಿಸುವ ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಔಷಧಗಳು ಜೀವ ಉಳಿಸುತ್ತವೆಂದು ವೈದ್ಯಲೋಕ ನಂಬಿತ್ತು. ಕಾಸ್ಟ್ ಎಂಬ ಪ್ರಯೋಗ ಅದನ್ನು ಪರೀಕ್ಷಿಸಿದಾಗ, ಔಷಧ ಪಡೆದ 755 ಮಂದಿಯಲ್ಲಿ 63 ಮಂದಿ ಸತ್ತರು, ಹುಸಿ ಗುಳಿಗೆ ಪಡೆದ 743 ಮಂದಿಯಲ್ಲಿ ಸತ್ತವರು 26. ಲಯ ಸರಿಹೋಗಿತ್ತು, ಜೀವ ಹೋಗಿತ್ತು. 2006ರಲ್ಲಿ ಟಾರ್ಸೆಟ್ರಪಿಬ್ ಎಂಬ ಔಷಧ ‘ಒಳ್ಳೆಯ’ ಕೊಲೆಸ್ಟರಾಲನ್ನು ಶೇ. 72ರಷ್ಟು ಏರಿಸಿತು, ಸುಮಾರು 15,000 ಮಂದಿಯ ಪ್ರಯೋಗವನ್ನು ಔಷಧದ ಗುಂಪಿನಲ್ಲಿ ಸಾವು ಹೆಚ್ಚಿದ್ದರಿಂದ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಇವೆರಡರಲ್ಲೂ ಅಪಾಯವನ್ನು ಮುನ್ಸೂಚಿಸುವ ಅಳತೆ ಸುಳ್ಳಾಗಿರಲಿಲ್ಲ. ಅಳತೆ ಬದಲಾದರೆ ಅಪಾಯವೂ ಬದಲಾಗುತ್ತದೆ ಎಂಬ ಊಹೆ ಸುಳ್ಳಾಗಿತ್ತು. ‘ಕೆಟ್ಟ’ ಕೊಲೆಸ್ಟರಾಲ್ ಇಂದು ನಂಬಿಕೆಗೆ ಅರ್ಹವಾದ ಸೂಚಕವಾಗಿರುವುದು, 1994ರಲ್ಲಿ 4,444 ಹೃದ್ರೋಗಿಗಳ ಪ್ರಯೋಗವೊಂದು ಅದನ್ನು ಇಳಿಸುವ ಸಿಂವಸ್ಟಾಟಿನ್ ಔಷಧದಿಂದ ಸಾವು ಶೇ. 30ರಷ್ಟು ಕಡಿಮೆಯಾದುದನ್ನು ತೋರಿಸಿದ್ದರಿಂದ, ಮತ್ತು ಆನಂತರ ಬೇರೆ ಬೇರೆ ಬಗೆಯ ಔಷಧಗಳೂ ಅದನ್ನೇ ಸಮರ್ಥಿಸಿದ್ದರಿಂದ. ಎಪಿಜೆನೆಟಿಕ್ ಗಡಿಯಾರಗಳಿಗೆ ಅಂಥ ಒಂದು ಪ್ರಯೋಗವೂ ಇನ್ನೂ ಇಲ್ಲ.

ಮುಪ್ಪಿನ ಔಷಧಗಳ ಪರಿಣಾಮವನ್ನು ಕಾಯಿಲೆಗಳ ಲೆಕ್ಕದಿಂದಲೇ ಅಳೆಯಬೇಕಾದರೆ ದಶಕಗಳೇ ಬೇಕಾಗುತ್ತವೆ, ಅಷ್ಟರಲ್ಲಿ ಇಂದಿನ ವೃದ್ಧರು ಇರುವುದಿಲ್ಲ ಎಂಬ ಪ್ರತಿವಾದವಿದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಮುಪ್ಪಿನ ಲೆಕ್ಕಾಚಾರವೇ ಇಲ್ಲಿ ನಮ್ಮ ನೆರವಿಗೆ ಬರುತ್ತದೆ. ವಯಸ್ಕರಲ್ಲಿ ಸಾವಿನ ಸಂಭವ ಸುಮಾರು ಎಂಟು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಆದ್ದರಿಂದ ಅರವತ್ತೈದು ದಾಟಿದವರನ್ನು ಆರಿಸಿ, ಹೃದಯಾಘಾತ, ಪಾರ್ಶ್ವವಾಯು, ಹೃದಯ ವೈಫಲ್ಯ, ಕ್ಯಾನ್ಸರ್, ಡಿಮೆನ್ಷಿಯಾ, ಸಾವು ಇವುಗಳಲ್ಲಿ ಯಾವುದು ಮೊದಲು ಬಂದರೂ ಲೆಕ್ಕಕ್ಕೆ ತೆಗೆದುಕೊಂಡರೆ ಕೆಲವೇ ವರ್ಷಗಳಲ್ಲಿ ಉತ್ತರ ಸಿಗುತ್ತದೆ. ಟೇಮ್ ಎಂಬ ಹೆಸರಿನಲ್ಲಿ ಯೋಜಿಸಿದ ಮೆಟ್‌ಫಾರ್ಮಿನ್ ಪ್ರಯೋಗದ ವಿನ್ಯಾಸ ಇಂಥದ್ದೇ: 65ರಿಂದ 79ರ ವಯಸ್ಸಿನ ಸುಮಾರು 3,000 ಮಂದಿ, ಆರು ವರ್ಷ. ಪೇಟೆಂಟ್ ಮುಗಿದ, ಅಗ್ಗದ ಔಷಧದ ಮೇಲೆ ಹಣ ಹೂಡಲು ಕಂಪನಿಗಳು ಮುಂದೆ ಬರದ ಕಾರಣ ಅದು ಬಹುಕಾಲ ಹಣಕ್ಕಾಗಿ ಕಾಯಬೇಕಾಯಿತು. ಅಂದಹಾಗೆ, ಮೆಟ್‌ಫಾರ್ಮಿನ್ ಗೆದ್ದೇ ಗೆಲ್ಲುತ್ತದೆಂದು ನಾನು ಬಾಜಿ ಕಟ್ಟಲಾರೆ. ಅಮೆರಿಕದ ಮೂರು ಪ್ರಯೋಗಾಲಯಗಳಲ್ಲಿ ಒಂದೇ ವಿಧಾನದಲ್ಲಿ ಏಕಕಾಲಕ್ಕೆ ಇಲಿಗಳ ಮೇಲೆ ನಡೆಯುವ ಪರೀಕ್ಷಾ ಯೋಜನೆಯಲ್ಲಿ, 600 ದಿನ ದಾಟಿದ ಇಲಿಗಳಿಗೆ ಕೊಟ್ಟ ರಾಪಮೈಸಿನ್ ಹೆಣ್ಣುಗಳ ಆಯುಸ್ಸನ್ನು ಶೇ. 14ರಷ್ಟು, ಗಂಡುಗಳದನ್ನು ಶೇ. 9ರಷ್ಟು ಹೆಚ್ಚಿಸಿದರೆ, ಮೆಟ್‌ಫಾರ್ಮಿನ್ ಒಂದರಿಂದಲೇ ಗಮನಾರ್ಹ ಲಾಭ ಸಿಗಲಿಲ್ಲ. ಹೆಸರುವಾಸಿಯಾದ ರೆಸ್ವೆರಟ್ರಾಲ್ ಕೂಡ ಸೋತಿತು. ಇಲಿಯಲ್ಲಿ ಗೆದ್ದದ್ದೂ ಮನುಷ್ಯನಲ್ಲಿ ಸೋಲಬಹುದು. ಮುಪ್ಪಡರಿದ ಕೋಶಗಳನ್ನು ತೆಗೆದುಹಾಕುವ ಔಷಧವೊಂದು 2020ರಲ್ಲಿ ಮಂಡಿನೋವಿನ ರೋಗಿಗಳಲ್ಲಿ ಹುಸಿ ಔಷಧಕ್ಕಿಂತ ಹೆಚ್ಚಿನ ಪರಿಹಾರ ಕೊಡಲಿಲ್ಲ. ಸೋಲು ಹೀಗೆ ಬೇಗ ಗೊತ್ತಾದದ್ದು ಅವರು ಕೋಶಗಳ ಗುರುತನ್ನಷ್ಟೇ ಅಳೆಯದೆ ನೋವನ್ನೇ ಅಳೆದಿದ್ದರಿಂದ.

ಕಂಪನಿಗಳು ಗಡಿಯಾರದ ಅಂಕಿಗೆ ಜೋತುಬೀಳುವುದಕ್ಕೆ ನಿಯಂತ್ರಕರೂ ಒಂದಿಷ್ಟು ಕಾರಣ ಎಂದು ವಿನಯದಿಂದಲೇ ಹೇಳಬೇಕಾಗಿದೆ. ಔಷಧಕ್ಕೆ ಅನುಮತಿ ಬೇಕಾದರೆ ಅದು ಯಾವ ಕಾಯಿಲೆಗೆ ಎಂದು ಹೇಳಬೇಕು. ಅನೇಕ ಕಾಯಿಲೆಗಳನ್ನು ಒಟ್ಟಾಗಿ ಮುಂದೂಡುವ ಔಷಧಕ್ಕೆ ಅರ್ಜಿಯಲ್ಲಿ ಸ್ಥಳವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗವರ್ಗೀಕರಣದ 11ನೆಯ ಆವೃತ್ತಿಯಲ್ಲಿ ‘ವೃದ್ಧಾಪ್ಯ’ ಎಂಬ ಶೀರ್ಷಿಕೆಯನ್ನು ಸೇರಿಸಲು ಹೊರಟು, ಮುದುಕರನ್ನೆಲ್ಲ ರೋಗಿಗಳೆಂದು ಕರೆದಂತಾಗುತ್ತದೆಂಬ ಆಕ್ಷೇಪ ಬಂದಾಗ ಅದನ್ನು ಕೈಬಿಟ್ಟಿತು. ಆ ಆಕ್ಷೇಪ ನ್ಯಾಯವಾದದ್ದೇ. ವೃದ್ಧಾಪ್ಯವನ್ನು ಕಾಯಿಲೆಯೆಂದು ಕರೆಯುವ ಅಗತ್ಯವಿಲ್ಲ. ಮೇಲೆ ಹೇಳಿದಂಥ ಬಹುರೋಗಗಳ ಒಟ್ಟು ಲೆಕ್ಕವನ್ನು ಅನುಮತಿಗೆ ಅರ್ಹವಾದ ಗುರಿಯೆಂದು ತಾವು ಲಿಖಿತವಾಗಿ ಒಪ್ಪಿದರೆ ಸಾಕು.

ಮನೆಗೇ ಕಿಟ್ ಕಳಿಸಿ ಜೈವಿಕ ವಯಸ್ಸು ಹೇಳುವ ಪರೀಕ್ಷೆಗಳ ವಿಷಯದಲ್ಲಿ ನನ್ನ ಕೋರಿಕೆ ಚಿಕ್ಕದು. ಅವುಗಳನ್ನು ನಿಷೇಧಿಸಬೇಕಾಗಿಲ್ಲ. ಆದರೆ ವರದಿಯಲ್ಲಿ ‘ನಿಮ್ಮ ವಯಸ್ಸು 47’ ಎಂದಷ್ಟೇ ಬರೆಯದೆ, ಅದೇ ಮಾದರಿಯನ್ನು ಮತ್ತೆ ಅಳೆದರೆ ಅಂಕಿ ಎಷ್ಟರಿಂದ ಎಷ್ಟರವರೆಗೆ ಬರಬಹುದು, ಯಾವ ಜನಸಮುದಾಯಗಳ ದತ್ತಾಂಶದ ಮೇಲೆ ಸೂತ್ರ ಕಟ್ಟಲಾಗಿದೆ ಎಂಬುದನ್ನು ಅಷ್ಟೇ ದೊಡ್ಡ ಅಕ್ಷರದಲ್ಲಿ ಮುದ್ರಿಸುವಂತೆ ಮಾಡಿ. ಹೆಚ್ಚಿನ ಗಡಿಯಾರಗಳು ಯುರೋಪಿಯನ್ ಮೂಲದವರ ರಕ್ತವನ್ನು ನೋಡಿಯೇ ಕಲಿತಿವೆ; ಉಳಿದವರು ತಮ್ಮ ಅಂಕಿಯನ್ನು ಓದುವಾಗ ಅದು ಗೊತ್ತಿರಬೇಕು. ಪರೀಕ್ಷೆ ಮಾರುವವರೇ ಅಂಕಿ ಇಳಿಸುವ ಗುಳಿಗೆಯನ್ನೂ ಮಾರುವುದಾದರೆ, ಆ ಸಂಬಂಧವನ್ನು ವರದಿಯ ಮೊದಲ ಪುಟದಲ್ಲಿಯೇ ತಿಳಿಸುವಂತಾಗಲಿ.

ಗಡಿಯಾರಗಳು ಎಂದಾದರೂ ನಂಬಿಕೆಗೆ ಅರ್ಹವಾದ ಸೂಚಕಗಳಾಗಬೇಕಾದರೆ ಅದಕ್ಕೆ ಬೇಕಾದ ದತ್ತಾಂಶವನ್ನು ಒಟ್ಟುಗೂಡಿಸುವಂತೆ ಆದೇಶಿಸುವ ಅಧಿಕಾರ ತಮ್ಮ ಕೈಯಲ್ಲಿದೆ. ವಯಸ್ಸಾದವರ ಮೇಲೆ ರಕ್ತದೊತ್ತಡ, ಮಧುಮೇಹ, ಕೊಲೆಸ್ಟರಾಲ್, ಮೂಳೆ ಸವೆತಗಳಿಗಾಗಿ ದೊಡ್ಡ ಪ್ರಯೋಗಗಳು ಹೇಗೂ ನಡೆಯುತ್ತಲೇ ಇವೆ. ಅವುಗಳಿಗೆ ಅನುಮತಿ ಕೊಡುವಾಗ, ಭಾಗವಹಿಸುವವರ ಒಪ್ಪಿಗೆಯೊಂದಿಗೆ, ಔಷಧ ಆರಂಭಿಸುವ ಮೊದಲು ಮತ್ತು ಒಂದು ವರ್ಷದ ನಂತರ ದಿನದ ಒಂದೇ ಹೊತ್ತಿನಲ್ಲಿ ರಕ್ತದ ಮಾದರಿ ತೆಗೆದು, ಕೋಶಗಳ ಎಣಿಕೆಯೊಂದಿಗೆ ಸಂಗ್ರಹಿಸಿಡಬೇಕೆಂಬ ಷರತ್ತನ್ನು ಸೇರಿಸಿ. ಯಾವ ಗಡಿಯಾರಗಳಿಂದ ಅಳೆಯುತ್ತೇವೆಂದು ಪ್ರಯೋಗ ಶುರುವಾಗುವ ಮೊದಲೇ ನೋಂದಾಯಿಸಿ, ಅಷ್ಟನ್ನೂ ಪ್ರಕಟಿಸಬೇಕೆಂಬುದು ಎರಡನೆಯ ಷರತ್ತಾಗಲಿ. ಮುಂದೆ ಆ ಪ್ರಯೋಗಗಳಲ್ಲಿ ಯಾರಿಗೆ ಹೃದಯಾಘಾತವಾಯಿತು, ಯಾರಿಗೆ ಆಗಲಿಲ್ಲ ಎಂಬ ಪಟ್ಟಿ ಸಿದ್ಧವಾದಾಗ, ಮೊದಲ ವರ್ಷದಲ್ಲಿ ಅಂಕಿ ಇಳಿದವರಿಗೆ ನಿಜಕ್ಕೂ ಕಾಯಿಲೆ ಕಡಿಮೆಯಾಯಿತೇ ಎಂದು ನೋಡಬಹುದು. ಹೊಸ ಅರ್ಜಿಗಳ ನಮೂನೆಯನ್ನು ಮುಂದಿನ ಸಲ ಪರಿಷ್ಕರಿಸುವಾಗಲೇ ಈ ಎರಡೂ ಷರತ್ತುಗಳನ್ನು ಅದರಲ್ಲಿ ಸೇರಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮೀಥೈಲೀಕರಣ ದತ್ತಾಂಶದ ವಿಶ್ಲೇಷಕ